ಹೋಗ್ಲಿ ಬಿಡು ಅನ್ನೋ ಮುಂಚೆ

2025ರ ಜುಲೈನಲ್ಲಿ ನಮ್ಮ ಮನೆಯ ಟೀವಿಯಲ್ಲಿ ಹೊತ್ತು ಹೊತ್ತಿಗೂ ಒಂದೇ ಸುದ್ದಿ. ಕೇರಳದ ನರ್ಸ್ ನಿಮಿಷಾ ಪ್ರಿಯಾಗೆ ಯೆಮನ್‌ನಲ್ಲಿ, ಅಲ್ಲಿನವನೊಬ್ಬನ ಕೊಲೆ ಕೇಸಿನಲ್ಲಿ, ಮರಣದಂಡನೆ. ಜುಲೈ 16 ಅಂತ ದಿನವೂ ಗೊತ್ತಾಗಿತ್ತು. ಕೊನೆ ಗಳಿಗೆಯಲ್ಲಿ ಅದು ಮುಂದೆ ಹೋಯಿತು. ಕಾಂತಪುರಂನ ಹಿರಿಯ ಮೌಲ್ವಿ ಎ.ಪಿ. ಅಬೂಬಕರ್ ಮುಸ್ಲಿಯಾರ್ ಯೆಮನ್‌ನ ಧರ್ಮಗುರುಗಳ ಮೂಲಕ ಮಾತಾಡಿಸಿದ್ದರು. ಸತ್ತವನ ಮನೆಯವರು ಒಪ್ಪಿ, ರಕ್ತಕ್ಕೆ ಬದಲಾಗಿ ಹಣ ತಗೊಂಡರೆ ಅವಳ ಜೀವ ಉಳಿಯುತ್ತದೆ ಅಂತ ಚಾನೆಲ್‌ನವರು ಹೇಳುತ್ತಿದ್ದರು. ಸತ್ತವನ ಸಹೋದರ ಮಾತ್ರ ಮಾಫಿ ಇಲ್ಲ ಅಂತ ಪಟ್ಟು ಹಿಡಿದಿದ್ದ.

ಅಮ್ಮ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. "ಎಲ್ರೂ ಆ ಹುಡುಗಿ ಬಗ್ಗೆನೇ ಮಾತಾಡ್ತಾರೆ. ಪಾಪ, ಅವಳು ಬದುಕ್ಲಿ. ಆದ್ರೆ ಆ ಸತ್ತೋನ ಮನೇಲಿ ಏನಾಗ್ತಿದೆಯೋ, ಯಾರಾದ್ರೂ ಹೋಗಿ ನೋಡಿದ್ರಾ?" ಅಂದಳು.

ನಾನು ಟೀವಿ ಆರಿಸಿದೆ. ನಮ್ಮ ಮನೆಯಲ್ಲಿ ಈ ಮಾತು ಸುಮ್ನೆ ಬರುವ ಮಾತಲ್ಲ.

2015ರಲ್ಲಿ ಒಂದು ಸಂಜೆ ಅಪ್ಪ ಸೊಪ್ಪು ತರುತ್ತೇನೆ ಅಂತ ಹೋದವರು ವಾಪಸ್ ಬರಲಿಲ್ಲ. ಲಿಂಗರಾಜಪುರದ ನಮ್ಮ ಮನೆಯಿಂದ ಮೂರು ತಿರುವು ಆಚೆ ಒಂದು ಗೂಡ್ಸ್ ಆಟೋ ಅವರಿಗೆ ಗುದ್ದಿತು. ಅಪ್ಪನಿಗೆ ಆಗ 63. ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತೋ ಇಪ್ಪತ್ತೊಂದೋ. ಕುಡಿದಿರಲಿಲ್ಲ. ಜೋರಾಗಿ ಬರುತ್ತಿದ್ದ, ಅಷ್ಟೇ. ಅಪ್ಪನ ಕೈಯಲ್ಲಿದ್ದ ಬಟ್ಟೆ ಚೀಲ, ಅದರೊಳಗೆ ಒಂದು ಕಟ್ಟು ಮೆಂತ್ಯ ಸೊಪ್ಪು. ಚೀಲವನ್ನು ಯಾರೋ ಪುಣ್ಯಾತ್ಮರು ಮನೆಗೆ ತಂದುಕೊಟ್ಟರು. ಸೊಪ್ಪು ಇನ್ನೂ ಬಾಡಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಆ ಹುಡುಗನ ತಾಯಿ ಬಂದಳು. ಚಪ್ಪಲಿ ಗೇಟಿನ ಆಚೆಯೇ ಬಿಟ್ಟು, ಬಾಳೆಹಣ್ಣಿನ ಚಿಪ್ಪೊಂದನ್ನು ಹಿಡಿದು ಬಾಗಿಲಲ್ಲಿ ನಿಂತಳು. "ಒಬ್ನೇ ಮಗ ಅಮ್ಮಾ. ಕೇಸ್ ಬೇಡ ಅಂತ ಒಂದು ಮಾತು ಹೇಳ್ಬಿಡಿ" ಅಂತ ಅತ್ತಳು. ಅಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಒಂದು ಮಾತೂ ಆಡಲಿಲ್ಲ. ಆಕೆ ನೀರು ಕುಡಿದು, ಹಣ್ಣು ಜಗಲಿಯ ಮೇಲಿಟ್ಟು ಹೋದಳು. ಆಮೇಲೆ ಒಬ್ಬ ವಕೀಲರು ಬಂದರು. ರಾಜಿ, ರಾಜಿ ಅಂತ ನಾಲ್ಕು ಸಲ ಅಂದರು.

ನಮ್ಮ ನೆಂಟರಲ್ಲಿ ಅರ್ಧ ಜನ "ಬಿಡಬೇಡಿ, ಒಳಗೆ ಹಾಕ್ಸಿ" ಅಂದರು. ಉಳಿದವರು "ಹೋಗ್ಲಿ ಬಿಡು, ಹೋದವರು ವಾಪಸ್ ಬರ್ತಾರಾ" ಅಂದರು. ಆ ಎರಡನೇ ಮಾತು ಅಮ್ಮನಿಗೆ ಮೊದಲನೆಯದಕ್ಕಿಂತ ಜಾಸ್ತಿ ಚುಚ್ಚಿತು ಅಂತ ನನಗೆ ಬಹಳ ವರ್ಷದ ಮೇಲೆ ಗೊತ್ತಾಯಿತು.

ಆ ದಿನಗಳಲ್ಲಿ ಅಮ್ಮನ ಜೊತೆ ಕೂತವರು ಇಬ್ಬರು. ಒಬ್ಬರು ಎದುರು ಮನೆಯ ಆಂಟಿ. ಭಾನುವಾರದ ಪೂಜೆ ತಪ್ಪಿಸದ ಕ್ಯಾಥೊಲಿಕ್ ಹೆಂಗಸು. ತಿಂಗಳಿಗೊಂದು ಸಲ ಚರ್ಚಿನವರ ಜೊತೆ ಪರಪ್ಪನ ಅಗ್ರಹಾರ ಜೈಲಿಗೆ ಹೋಗಿ ಕೈದಿಗಳನ್ನು ಮಾತಾಡಿಸಿಕೊಂಡು ಬರುತ್ತಿದ್ದರು. ಇನ್ನೊಬ್ಬರು ಮೂಲೆಯ ಅಂಗಡಿಯ ಟೈಲರ್ ಚಾಚಾ. ಅಪ್ಪನ ಕೈಯಲ್ಲಿದ್ದ ಆ ಚೀಲ ಅವರೇ ಹೊಲಿದುಕೊಟ್ಟದ್ದು, ಮಿಕ್ಕ ಪ್ಯಾಂಟ್ ಬಟ್ಟೆಯಲ್ಲಿ.

ಕ್ರಿಶ್ಚಿಯನ್ನರು ಅಂದರೆ ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸುವವರು. ಮುಸ್ಲಿಮರು ಅಂದರೆ ಕಣ್ಣಿಗೆ ಕಣ್ಣು, ಕಳ್ಳನಿಗೆ ಕೈ ಕಡಿಯುವುದು. ನಾವೆಲ್ಲ ಇಷ್ಟೇ ಕಲಿತು ಬೆಳೆದವರು, ಅಲ್ವಾ? ಅಮ್ಮನಿಗೆ ಸಮಾಧಾನ ತಂದ ಮಾತು ಯಾರಿಂದ ಬಂತು ಅಂತ ನೋಡಿದಾಗ ನನ್ನ ಈ ಪಾಠ ಪೂರ್ತಿ ಅಲ್ಲಾಡಿತು.

ಆಂಟಿ ಹೇಳಿದ್ದು ಅವರ ಧರ್ಮ ಹೇಳುವುದನ್ನೇ. "ಕ್ಷಮಿಸಿಬಿಡಿ ಅಕ್ಕಾ. ಅವನಿಗೋಸ್ಕರ ಅಲ್ಲ, ನಿಮಗೋಸ್ಕರ." ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದಾಗ ಏಸು "ಏಳಲ್ಲ, ಏಳೆಪ್ಪತ್ತು ಸಲ" ಅಂದದ್ದನ್ನು ಹೇಳಿದರು. ದಿನವೂ ಅವರು ಹೇಳುವ ಪರಲೋಕದ ಪ್ರಾರ್ಥನೆಯಲ್ಲೇ ಒಂದು ಕರಾರು ಇದೆ. ನಾವು ಬೇರೆಯವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ. ಅಂದರೆ ಕ್ಷಮಿಸದೆ ಇದ್ದರೆ ಕೇಳುವ ಬಾಯಿಯೇ ಇಲ್ಲ. ಕ್ಷಮೆ ಅಲ್ಲಿ ಒಂದು ಆಜ್ಞೆ.

ಅಮ್ಮ ತಲೆ ಅಲ್ಲಾಡಿಸಿದಳು. ಆಂಟಿ ಹೋದ ಮೇಲೆ "ನಾನು ಅಷ್ಟು ದೊಡ್ಡವಳಲ್ಲ" ಅಂದಳು.

ಚಾಚಾ ಒಂದು ವಾರ ಏನೂ ಹೇಳಲಿಲ್ಲ. ಬಂದು ಕೂರುತ್ತಿದ್ದರು, ಹೋಗುತ್ತಿದ್ದರು. ಒಂದು ದಿನ ಅಮ್ಮನೇ ಕೇಳಿದಳು. "ನಿಮ್ಮಲ್ಲಿ ಏನಂತಾರೆ ಸಾಬ್ರೇ, ಇಂಥದ್ದಕ್ಕೆ?"

"ನಮ್ಮಲ್ಲಿ ಮಾಫಿ ಅನ್ನೋದು ನಿಮ್ಮ ಹಕ್ಕು ಅಕ್ಕಾ. ಕೊಟ್ರೆ ಅಲ್ಲಾ ಹತ್ರ ನಿಮಗೆ ಒಳ್ಳೇದು ಬರೆದಿರುತ್ತೆ. ಕೊಡ್ಲಿಲ್ಲ ಅಂದ್ರೆ ಗುನಾ ಇಲ್ಲ. ಕೊಡು ಅಂತ ನಿಮ್ಮನ್ನ ಎಳೆಯೋಕೆ ಯಾರಿಗೂ ಹಕ್ಕಿಲ್ಲ. ನನಗೂ ಇಲ್ಲ."

ಅಮ್ಮ ಅವತ್ತು ರಾತ್ರಿ ಮೊದಲ ಸಲ ಪೂರ್ತಿ ನಿದ್ದೆ ಮಾಡಿದಳು.

ಆಮೇಲೆ ನಾನು ಈ ವಿಷಯ ಹುಡುಕಿಕೊಂಡು ಓದಲು ಶುರು ಮಾಡಿದೆ. ಚಾಚಾ ಹೇಳಿದ್ದು ಅವರ ಸ್ವಂತ ಮಾತಲ್ಲ. ಕುರ್‌ಆನಿನ ಎರಡನೇ ಅಧ್ಯಾಯದ 178ನೇ ವಚನ ಕೊಲೆಗೆ ಸಮಾನ ಶಿಕ್ಷೆ ಅಂತ ಹೇಳುತ್ತದೆ. ಅದೇ ಉಸಿರಿನಲ್ಲಿ, ಸತ್ತವನ ಕಡೆಯವರು ಮಾಫಿ ಮಾಡಿದರೆ ಮುಂದಿನ ವ್ಯವಹಾರ ಒಳ್ಳೆಯ ರೀತಿಯಲ್ಲಿ ನಡೆಯಲಿ ಅನ್ನುತ್ತದೆ. ಅಲ್ಲಿ ಕೊಂದವನ ಎದುರು ನಿಂತವರನ್ನು ಕರೆಯುವ ಪದ "ಸಹೋದರ". ಐದನೇ ಅಧ್ಯಾಯದ 45ನೇ ವಚನ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಅಂತ ಯಹೂದಿಗಳ ಧರ್ಮಗ್ರಂಥ ತೋರಾದ ಕಾನೂನನ್ನು ನೆನಪಿಸುತ್ತದೆ. ನಾವು ಕೇಳಿರುವುದು ಅಲ್ಲಿಯವರೆಗೆ ಮಾತ್ರ. ವಚನ ಅಲ್ಲಿಗೇ ನಿಲ್ಲುವುದಿಲ್ಲ. ಯಾರು ಅದನ್ನು ದಾನವಾಗಿ ಬಿಟ್ಟುಕೊಡುತ್ತಾರೋ ಅವರ ಪಾಪಕ್ಕೆ ಅದು ಪರಿಹಾರ ಅಂತ ಮುಂದುವರಿಯುತ್ತದೆ.

ನಾಲ್ಕನೇ ಅಧ್ಯಾಯದ 92ನೇ ವಚನ ಓದಿದಾಗ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದು ನಮ್ಮ ಕೇಸ್. ಬೇಕಂತ ಮಾಡದೆ, ಕೈ ತಪ್ಪಿ ಒಬ್ಬರ ಜೀವ ತೆಗೆದವನ ಬಗ್ಗೆ. ಮನೆಯವರಿಗೆ ಪರಿಹಾರ ಕೊಡಬೇಕು, ಅವರು ದಾನವಾಗಿ ಬಿಟ್ಟರೆ ಬೇರೆ ಮಾತು. ಅದರ ಜೊತೆಗೆ ಒಬ್ಬ ಗುಲಾಮನಿಗೆ ಬಿಡುಗಡೆ ಕೊಡಬೇಕು. ಅದಾಗದವನು ಎರಡು ತಿಂಗಳು ಸತತವಾಗಿ ಉಪವಾಸ ಮಾಡಬೇಕು. ಮನೆಯವರಿಗೆ ಹಣ, ದೇವರಿಗೆ ಹಸಿವು. ಒಂದು ಕೊಟ್ಟರೆ ಇನ್ನೊಂದು ತೀರುವುದಿಲ್ಲ. ಅರವತ್ತು ದಿನ ಬೆಳಗಿನ ಜಾವ ಎದ್ದು, "ನಾನು ಒಬ್ಬರನ್ನು ಸಾಯಿಸಿದ್ದೇನೆ" ಅಂತ ನೆನೆದು, ನೀರೂ ಕುಡಿಯದೆ ಸಂಜೆವರೆಗೆ ಇರುವುದು. ಅಂಥ ಶಿಕ್ಷೆ ನಮ್ಮ ಯಾವ ಕೋರ್ಟಿನಲ್ಲಿ ಸಿಗುತ್ತದೆ?

ನಮ್ಮ ಕೋರ್ಟಿನಲ್ಲಿ ಸಿಕ್ಕಿದ್ದು ಬೇರೆ ಲೆಕ್ಕ. ರಕ್ತಪರಿಹಾರ ಅಂದರೆ ಮೂಗು ಮುರಿಯುವ ನಾವು ಅಪ್ಪನಿಗೆ ತಗೊಂಡದ್ದೂ ಅದೇ. ಮೋಟಾರು ಅಪಘಾತ ಪರಿಹಾರ ಅನ್ನುತ್ತೇವೆ. ಸತ್ತವರ ವರ್ಷದ ಆದಾಯ ತಗೋ, ಅವರ ಸ್ವಂತ ಖರ್ಚು ಅಂತ ಒಂದು ಪಾಲು ಕಳೆ, ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸು. 2009ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಕೋಷ್ಟಕ ಇದೆ. ಇಪ್ಪತ್ತೈದರ ಹುಡುಗನಿಗೆ 18. ಅಪ್ಪನ ವಯಸ್ಸಿನವರಿಗೆ 7. ಗಂಡನನ್ನು ಕಳೆದುಕೊಂಡದ್ದಕ್ಕೆ 40,000, ಅಂತ್ಯಕ್ರಿಯೆಯ ಖರ್ಚಿಗೆ 15,000 ಅನ್ನುವುದು 2017ರ ಇನ್ನೊಂದು ತೀರ್ಪು. ಹಣ ಕೊಟ್ಟದ್ದು ಇನ್ಶೂರೆನ್ಸ್ ಕಂಪನಿ. ಆ ಹುಡುಗನ ಜೇಬಿನಿಂದ ಒಂದು ರೂಪಾಯಿಯೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅಮ್ಮ ಪಾಸ್‌ಬುಕ್ ನೋಡಿ "ಏಳರಿಂದ ಗುಣಿಸಿದ್ರಾ?" ಅಂತ ಮಾತ್ರ ಕೇಳಿದಳು.

ಕ್ರಿಮಿನಲ್ ಕೇಸಿನ ಕಥೆ ಇನ್ನೂ ವಿಚಿತ್ರ. ನಿರ್ಲಕ್ಷ್ಯದಿಂದ ಸಾವು, ಆಗಿನ ಐಪಿಸಿ 304ಎ, ಹೆಚ್ಚೆಂದರೆ ಎರಡು ವರ್ಷ. ಈಗ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷ. ಇದು ರಾಜಿ ಮಾಡಿಕೊಳ್ಳುವ ಕೇಸೇ ಅಲ್ಲ ಅಂತ ಸರ್ಕಾರಿ ವಕೀಲರು ನನಗೆ ವಿವರಿಸಿದರು. ಅಮ್ಮ ಕ್ಷಮಿಸಿದರೂ ಕೇಸ್ ನಡೆಯುತ್ತದೆ, ಕ್ಷಮಿಸದಿದ್ದರೂ ನಡೆಯುತ್ತದೆ. ವಾಯಿದೆಯ ದಿನ ಕೋರ್ಟಿನಲ್ಲಿ ಕೂಗುವಾಗ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆ ಹುಡುಗ. ಅಪ್ಪನ ಹೆಸರು ಒಳಗೆ ಎಲ್ಲೋ ಚಾರ್ಜ್‌ಶೀಟ್‌ನ ಒಂದು ಸಾಲಿನಲ್ಲಿ. ಆ ತಾಯಿ ಬಾಳೆಹಣ್ಣು ಹಿಡಿದು ಬಂದು ಕೇಳಿದ್ದನ್ನು ಕೊಡುವ ಅಧಿಕಾರ ಅಮ್ಮನ ಹತ್ತಿರ ಇರಲೇ ಇಲ್ಲ.

ಆ ಅಧಿಕಾರ ಎಲ್ಲಿ ಹೋಯಿತು? ನಮ್ಮ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋಗಿ ನೋಡಿ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಕಲ್ಲು ಇದೆ. ಆ ದಂಡನ್ನು ನಡೆಸಿದ ಕಾರ್ನ್‌ವಾಲಿಸ್ ಆಗ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್. ಬಂಗಾಳದಲ್ಲಿ ಕಂಪನಿಯ ಕ್ರಿಮಿನಲ್ ಕೋರ್ಟುಗಳು ಅಲ್ಲಿಯವರೆಗೂ ಇಸ್ಲಾಮಿ ಕಾನೂನಿನ ಪ್ರಕಾರವೇ ನಡೆಯುತ್ತಿದ್ದವು. ಕೊಲೆಯಾದವನ ಮನೆಯವರು ಮಾಫಿ ಮಾಡಿದರೆ ಗಲ್ಲು ತಪ್ಪುತ್ತಿತ್ತು. ಬೆಂಗಳೂರಿನ ಕೋಟೆ ಒಡೆದ ಆ ಒಂದೆರಡು ವರ್ಷಗಳ ಒಳಗೇ ಕಾರ್ನ್‌ವಾಲಿಸ್ ಅಲ್ಲಿ ಮನೆಯವರ ಆ ಹಕ್ಕನ್ನೂ ತೆಗೆದುಹಾಕಿದ. ಕೊಲೆ ಅನ್ನುವುದು ಸರ್ಕಾರದ ವಿರುದ್ಧ ಮಾಡಿದ ಅಪರಾಧ, ಶಿಕ್ಷೆ ಕೊಡುವುದು ಬಿಡುವುದು ಸರ್ಕಾರದ ಕೆಲಸ ಅಂತಾಯಿತು. 1860ರ ದಂಡಸಂಹಿತೆ ಎಲ್ಲ ಧರ್ಮದವರಿಗೂ ಒಂದೇ ಕಾನೂನು ಮಾಡಿತು.

ಇದರಿಂದ ಲಾಭವೇ ಆಗಿಲ್ಲ ಅಂತ ನಾನು ಹೇಳಲಾರೆ. ಮಾಫಿಯನ್ನು ಮನೆಯವರ ಕೈಗೆ ಕೊಟ್ಟಾಗ ಅದನ್ನು ದುಡ್ಡಿದ್ದವನು ಕೊಳ್ಳಬಹುದು. 2011ರಲ್ಲಿ ಲಾಹೋರ್‌ನಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದ ಅಮೆರಿಕದ ಸಿಐಎ ಗುತ್ತಿಗೆದಾರ ರೇಮಂಡ್ ಡೇವಿಸ್ ಎರಡು ತಿಂಗಳೊಳಗೆ ರಕ್ತಪರಿಹಾರ ಕಟ್ಟಿಸಿ ವಿಮಾನ ಹತ್ತಿದ. ಅದಕ್ಕಿಂತ ಕೆಟ್ಟದ್ದು ಮರ್ಯಾದೆಗೇಡು ಹತ್ಯೆ. ಅಣ್ಣ ತಂಗಿಯನ್ನು ಕೊಲ್ಲುತ್ತಾನೆ, ಅಪ್ಪ ಮಗನನ್ನು ಮಾಫ್ ಮಾಡುತ್ತಾನೆ, ಎಲ್ಲರೂ ಮನೆಗೆ ಹೋಗುತ್ತಾರೆ. ಪಾಕಿಸ್ತಾನದಲ್ಲಿ ಸೋಷಿಯಲ್ ಮೀಡಿಯಾ ತಾರೆ ಕಂದೀಲ್ ಬಲೋಚ್ ಹೀಗೆ ಕೊಲೆಯಾದ ಮೇಲೆ, 2016ರಲ್ಲಿ, ಮನೆಯವರು ಮಾಫ್ ಮಾಡಿದರೂ ಇಂಥ ಕೊಲೆಗೆ ಜೀವಾವಧಿ ತಪ್ಪಬಾರದು ಅಂತ ಕಾನೂನು ತಂದರು. ಈ ಮಾತು ಬಂದಾಗ ಚಾಚಾ ಕತ್ತರಿ ಕೆಳಗಿಟ್ಟು "ಅದು ಮಾಫಿ ಅಲ್ಲ, ಕಳ್ಳರು ಕಳ್ಳರು ಹಂಚ್ಕೊಳ್ಳೋದು" ಅಂದರು.

ಆಂಟಿಯ ಕಡೆಯಲ್ಲೂ ನೋವಿದೆ. ಕ್ಷಮೆ ಆಜ್ಞೆ ಆದಾಗ ಅದು ಪೆಟ್ಟು ತಿಂದವರ ತಲೆ ಮೇಲೆ ಕೂರುತ್ತದೆ. ಕುಡಿದು ಬಂದು ಹೊಡೆಯುವ ಗಂಡನನ್ನು ಕ್ಷಮಿಸಮ್ಮ ಅಂತ ಎಷ್ಟು ಹೆಂಗಸರಿಗೆ ಹೇಳಿಲ್ಲ? ಮಕ್ಕಳ ಮೇಲೆ ಕೈ ಹಾಕಿದ ಪಾದ್ರಿಗಳನ್ನು ಎಷ್ಟೋ ದೇಶಗಳಲ್ಲಿ ಮುಚ್ಚಿಟ್ಟು ಊರು ಬದಲಾಯಿಸಿದ್ದು ಈಗ ಜಗತ್ತಿಗೇ ಗೊತ್ತು. ಇನ್ನೊಂದು ಕಡೆ, ಇಷ್ಟೆಲ್ಲ ಕ್ಷಮೆ ಹೇಳುವ ಧರ್ಮದ ರಾಜ್ಯಗಳು ನೂರಾರು ವರ್ಷ ಧಾರಾಳವಾಗಿ ಗಲ್ಲಿಗೆ ಹಾಕಿವೆ. ಆಳುವವನು ಕತ್ತಿಯನ್ನು ಸುಮ್ಮನೆ ಹಿಡಿದಿಲ್ಲ ಅಂತ ಸಂತ ಪೌಲ ರೋಮ್‌ನವರಿಗೆ ಬರೆದ ಮಾತೇ ಅದಕ್ಕೆ ಆಧಾರ. ವ್ಯಾಟಿಕನ್ ಸಿಟಿಯ ಕಾನೂನಿನಲ್ಲೇ 1969ರವರೆಗೆ ಮರಣದಂಡನೆ ಇತ್ತು, ಪೋಪ್ ಅವರನ್ನು ಕೊಲ್ಲಲು ಹೋದವನಿಗೆ. ಮರಣದಂಡನೆ ಯಾವ ಕಾರಣಕ್ಕೂ ಸಲ್ಲದು ಅಂತ ಪೋಪ್ ಫ್ರಾನ್ಸಿಸ್ ಧರ್ಮೋಪದೇಶದ ಪುಸ್ತಕ ತಿದ್ದಿಸಿದ್ದು 2018ರಲ್ಲಿ.

ಆದರೂ ಆ ಆಜ್ಞೆಯನ್ನು ನಿಜವಾಗಿ ಹೊತ್ತವರನ್ನು ನೋಡಿದಾಗ ನನಗೆ ಮಾತು ಬರುವುದಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನೊಳಗೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು. ಕ್ಷಮೆ ಬೇರೆ, ಕಾನೂನು ಬೇರೆ ಅಂತಲೂ ಅಂದರು. 1995ರಲ್ಲಿ ಇಂದೋರ್ ಹತ್ತಿರ ಬಸ್ಸಿನಿಂದ ಇಳಿಸಿ ಸಿಸ್ಟರ್ ರಾಣಿ ಮರಿಯಾ ಅವರನ್ನು ಇರಿದು ಕೊಂದ ಸಮಂದರ್ ಸಿಂಗ್‌ಗೆ ರಾಣಿ ಮರಿಯಾರ ತಂಗಿ, ಅವರೂ ಸಿಸ್ಟರ್, 2002ರಲ್ಲಿ ಜೈಲಿಗೇ ಹೋಗಿ ರಾಖಿ ಕಟ್ಟಿದರು. ಆಮೇಲೆ ಅವನ ಬಿಡುಗಡೆಗೂ ಆ ಮನೆಯವರೇ ಓಡಾಡಿದರು. ಆಂಟಿ ಈ ಕಥೆ ಹೇಳುವಾಗ ಪ್ರತಿ ಸಲವೂ ಕಣ್ಣು ಒರೆಸಿಕೊಳ್ಳುತ್ತಾರೆ. ಜೈಲಿನಲ್ಲಿ ತಾನು ನೋಡುವ ಹುಡುಗರಲ್ಲಿ ಎಷ್ಟೋ ಜನ ಜಾಮೀನಿಗೆ ಶೂರಿಟಿ ಕೊಡುವವರಿಲ್ಲದೆ ಕೂತಿದ್ದಾರೆ ಅನ್ನುತ್ತಾರೆ. ದೇಶದ ಜೈಲುಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ವಿಚಾರಣೆ ಮುಗಿಯದವರೇ. "ಕ್ಷಮಿಸೋದಿರ್ಲಿ, ಮೊದ್ಲು ಇವ್ರು ತಪ್ಪು ಮಾಡಿದ್ದಾರಾ ಅಂತ ಯಾರಾದ್ರೂ ಹೇಳ್ಲಿ" ಅಂತ ಒಂದು ಸಲ ಸಿಟ್ಟಿನಿಂದ ಅಂದದ್ದು ನೆನಪಿದೆ.

ಇನ್ನೊಂದು ಫೋಟೋ ನನ್ನ ತಲೆಯಿಂದ ಹೋಗುವುದೇ ಇಲ್ಲ. 2014ರ ಏಪ್ರಿಲ್, ಇರಾನಿನ ನೂರ್ ಅನ್ನುವ ಊರು. ನೇಣಿನ ಕುಣಿಕೆ ಕೊರಳಲ್ಲಿ ಹಾಕಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಒಬ್ಬ ಹುಡುಗ ಕುರ್ಚಿಯ ಮೇಲೆ ನಿಂತಿದ್ದಾನೆ. ಅವನು ಕೊಂದ ಹುಡುಗನ ತಾಯಿ ಮುಂದೆ ಬರುತ್ತಾಳೆ. ಕುರ್ಚಿ ತಳ್ಳುವ ಹಕ್ಕು ಅವಳದು. ಅವಳು ಅವನ ಕೆನ್ನೆಗೆ ಒಂದು ಏಟು ಕೊಡುತ್ತಾಳೆ. ಆಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಅವನ ಕೊರಳಿನ ಹಗ್ಗ ತೆಗೆಯುತ್ತಾರೆ. ನನಗೆ ಆ ಏಟು ಮುಖ್ಯ. ಆ ಏಟು ಇಲ್ಲದಿದ್ದರೆ ಆ ಹಗ್ಗ ಬಿಚ್ಚಲು ಅವಳ ಕೈ ಮೇಲೇಳುತ್ತಿತ್ತಾ ಅಂತ ನನಗೆ ಅನುಮಾನ.

ಚಾಚಾ ಹೇಳಿದ ವಹಶಿಯ ಕಥೆಯೂ ಅಂಥದ್ದೇ. ಉಹುದ್ ಯುದ್ಧದಲ್ಲಿ ಪೈಗಂಬರರ ಚಿಕ್ಕಪ್ಪ ಹಮ್ಜಾ ಅವರನ್ನು ಈಟಿ ಎಸೆದು ಕೊಂದವನು ವಹಶಿ. ಗುಲಾಮ. ಕೊಂದರೆ ಬಿಡುಗಡೆ ಅಂತ ಒಡೆಯ ಆಸೆ ತೋರಿಸಿದ್ದ. ವರ್ಷಗಳಾದ ಮೇಲೆ ಅವನು ಪೈಗಂಬರರ ಮುಂದೆ ಬಂದು ಇಸ್ಲಾಂ ಸ್ವೀಕರಿಸಿದ. ಪೈಗಂಬರರು ಅವನನ್ನು ಏನೂ ಮಾಡಲಿಲ್ಲ. ನಿನ್ನ ಮುಖ ನನಗೆ ಕಾಣದ ಹಾಗೆ ಇರೋಕಾಗುತ್ತಾ ಅಂತ ಮಾತ್ರ ಕೇಳಿದರು. ವಹಶಿ ಅದೇ ರೀತಿ ದೂರ ಇದ್ದ. ಪೈಗಂಬರರಿಗೇ ಆ ಮುಖ ನೋಡೋಕಾಗಲಿಲ್ಲ ಅಕ್ಕಾ, ನಿಮಗಾಗುತ್ತಾ ಅಂದರು ಚಾಚಾ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅದಕ್ಕೂ ಒಂದು ತಿಂಗಳ ಮುಂಚೆ, ಜಾಮೀನಿನ ಮೇಲಿದ್ದ ಆ ಹುಡುಗನನ್ನು ಮಾರ್ಕೆಟ್ಟಿನಲ್ಲಿ ನೋಡಿ ಅಮ್ಮ ತರಕಾರಿ ಕೊಳ್ಳದೆ ಮನೆಗೆ ಬಂದಿದ್ದಳು. ಅವನ ಮೇಲೆ ಕೋಪ ಇರಲಿಲ್ಲವಂತೆ. ಮುಖ ನೋಡಲಾಗಲಿಲ್ಲವಂತೆ. ಹಾಗೆ ಓಡಿ ಬಂದದ್ದು ತಪ್ಪು ಅಂತ ಒಳಗೊಳಗೇ ಕೊರಗುತ್ತಿದ್ದಳು.

2019ರಲ್ಲಿ ಕೇಸ್ ಮುಗಿಯಿತು. ನೋಡಿದ್ದ ಟೀ ಅಂಗಡಿಯವನು ಓಡಿಸಿದವನು ಇವನೇ ಅಂತ ಹೇಳಲಾರೆ ಅಂದ. ಹುಡುಗ ಖುಲಾಸೆಯಾದ. ಕೋರ್ಟಿನ ಮೆಟ್ಟಿಲ ಮೇಲೆ ಅವನ ತಾಯಿ ನಮ್ಮನ್ನು ನೋಡಿ ಕೈ ಮುಗಿದಳು. ಅವನು ವಕೀಲರ ಹಿಂದೆ ಬೇಗ ಬೇಗ ಇಳಿದು ಹೋದ.

ಕ್ಷಮಿಸು ಅನ್ನುವುದು ನಮ್ಮ ಬಾಯಲ್ಲಿ ಬರುವ ಮಾತೇ ಅಲ್ಲ. ನಾವು ಹೋಗ್ಲಿ ಬಿಡು ಅನ್ನುತ್ತೇವೆ. ಸುವಾರ್ತೆಯ ಮೂಲ ಗ್ರೀಕಿನಲ್ಲಿ ಕ್ಷಮೆಗೆ ಇರುವ ಪದಕ್ಕೂ ಬಿಟ್ಟುಬಿಡು ಅಂತಲೇ ಅರ್ಥ. ನಾವು ಸಾಲಕ್ಕೆ ಬಳಸುವ ಮಾಫಿ ಅರಬ್ಬಿಯಿಂದ ಬಂದದ್ದು, ಅದರ ಬೇರಿನಲ್ಲಿ ಅಳಿಸಿಹಾಕು ಅನ್ನುವ ಅರ್ಥ ಇದೆ. ಬಿಡುವುದಾಗಲಿ, ಅಳಿಸುವುದಾಗಲಿ, ಹಿಡಿದುಕೊಂಡಿರುವವರೇ ಮಾಡಬೇಕು ತಾನೇ? ನಮ್ಮ ನೆಂಟರು ಅಂದದ್ದು ಪದದಲ್ಲಿ ಸರಿ. ಅಂದವರು ತಪ್ಪು.

ಈಗ ಎರಡು ವರ್ಷದ ಹಿಂದೆ ಚಾಚಾ ಹಜ್‌ಗೆ ಹೊರಟರು. ಹೊರಡುವ ಮುಂಚೆ ಬೀದಿಯ ಒಂದೊಂದೇ ಮನೆಗೆ ಹೋದರು. ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಕ್ಷಮಿಸಬೇಕು ಅನ್ನುವುದು ಅವರ ನಂಬಿಕೆ. ಹುತಾತ್ಮನಿಗೂ ಸಾಲವೊಂದು ಮಾಫಿ ಆಗುವುದಿಲ್ಲ ಅಂತ ಹದೀಸ್, ಅಂದರೆ ಪೈಗಂಬರರ ನುಡಿ, ಇದೆ. ಆಂಟಿಯನ್ನು ಕೇಳಿದರೆ, ಏಸು ಹೇಳಿದ್ದೂ ಅದೇ ಅಂದರು. ಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ.

ಚಾಚಾ ನಮ್ಮ ಮನೆಗೆ ಬಂದಾಗ ಸಂಜೆ. ಒಗೆದ ಬಿಳಿ ಜುಬ್ಬಾ, ಕೈಯಲ್ಲಿ ಟೋಪಿ.

"ಕಹಾ ಸುನಾ ಮಾಫ್ ಮಾಡಿ ಅಕ್ಕಾ. ಆಡಿದ ಮಾತು, ಅಳತೆ ತಪ್ಪಿದ ಬ್ಲೌಸು, ಎಲ್ಲ."

"ಅಯ್ಯೋ ಬಿಡಿ ಸಾಬ್ರೇ, ಮಾಫ್ ಮಾಡೋಕೆ ಏನಿದೆ?"

"ಹಾಗನ್ಬೇಡಿ. ಮಾಫ್ ಮಾಡ್ದೆ ಅಂತ ಬಾಯಿಬಿಟ್ಟು ಹೇಳಿ. ನಾನು ಅದನ್ನ ತಗೊಂಡು ಹೋಗ್ಬೇಕು."

ಅಮ್ಮ ಎದ್ದು ನಿಂತು, "ಮಾಫ್ ಮಾಡ್ದೆ" ಅಂದಳು. ಚಾಚಾ ತಲೆ ಬಗ್ಗಿಸಿ ಹೋದರು.

ಅಮ್ಮ ಮತ್ತೆ ಕೂತು ಸೊಪ್ಪು ಬಿಡಿಸಲು ಶುರು ಮಾಡಿದಳು. ಮೆಂತ್ಯ ಸೊಪ್ಪು. ಸುಮಾರು ಹೊತ್ತಾದ ಮೇಲೆ, "ಅವನ ತಾಯಿ ಬಂದಳು. ವಕೀಲ ಬಂದ. ಅವನೇ ಬರ್ಲಿಲ್ಲ ಅಲ್ವಾ?" ಅಂದಳು.

"ಬಂದಿದ್ರೆ?" ಅಂತ ಕೇಳಿದೆ.

ಅಮ್ಮ ಒಂದು ಹಳದಿ ಎಲೆ ತೆಗೆದು ಪಕ್ಕಕ್ಕಿಟ್ಟಳು.

"ಬಂದಿದ್ರೆ ನೀರು ಕೊಡ್ತಿದ್ದೆ. ಆಮೇಲೆ ನೋಡ್ತಿದ್ದೆ."